ಗೋದಾಮಿನ ಕಿಟಕಿಯಲ್ಲಿ ನಾನಾಡಿದ ಮಾತು

ಒಸೇಜ್ ಪ್ರಾಂತದ ಗವರ್ನರರ ಕಚೇರಿಗೆ, ಹಾರ್ಲನ್ಸ್ ಬೆಂಡ್ ಊರಿನ ವಾರಪತ್ರಿಕೆಯ ಮೂಲಕ
1858, ಜನವರಿ 26

ಮಾನ್ಯ ಗವರ್ನರರೇ,

ನಾನೊಂದು ಸುಳ್ಳು ಹೇಳಿದ್ದೇನೆ. ತಾವು ಅದನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸಿಕೊಂಡು, ಮೊಹರು ಹಾಕಿಸಿ, 'ಜನತೆಯ ಸ್ಪಷ್ಟ ಧ್ವನಿ' ಎಂದು ಹೆಸರಿಟ್ಟು ವಾಷಿಂಗ್ಟನ್ನಿಗೆ ಕಳಿಸಲು ಹೊರಟಿದ್ದೀರಿ. ನನ್ನ ಸುಳ್ಳನ್ನು ನನಗೆ ವಾಪಸು ಕೊಡಿ ಎಂದು ಮೂರು ಸಲ ಅರ್ಜಿ ಹಾಕಿದೆ. ಮೂರು ಸಲವೂ ತಮ್ಮ ಕಚೇರಿ ಕೊಡಲಿಲ್ಲ. ನನ್ನ ಯಾವ ಸತ್ಯವನ್ನೂ ಯಾರೂ ಇಷ್ಟು ಜೋಪಾನವಾಗಿ ಕಾಪಾಡಿದ್ದು ನನಗೆ ನೆನಪಿಲ್ಲ. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಹೆಸರು ಜೇಬೆಜ್ ಟಟಲ್. ಕಸುಬು ಗಾಡಿಯ ಚಕ್ರ ಮಾಡುವುದು. ಕಳೆದ ಬೇಸಿಗೆಯಲ್ಲಿ ತಮ್ಮ ಸಾರೋಟು ನಮ್ಮೂರ ಹಳ್ಳದಲ್ಲಿ ಕೂತುಬಿಟ್ಟಾಗ ಎಡಗಡೆಯ ಹಿಂದಿನ ಚಕ್ರವನ್ನು ಮಧ್ಯಾಹ್ನದೊಳಗೆ ಸರಿಮಾಡಿಕೊಡುತ್ತೇನೆ ಎಂದು ಮಾತುಕೊಟ್ಟು ಮೂರನೆಯ ದಿನ ಕೊಟ್ಟವನು ನಾನೇ, ತಾವು ಮರೆತಿರಲಾರಿರಿ. ಭಾನುವಾರ ನನ್ನ ಕೆಲಸ ಬೇರೆ. ನಮ್ಮ ಚರ್ಚಿನಲ್ಲಿ ಕೀರ್ತನೆಯ ಪುಸ್ತಕ ಒಂದೇ ಒಂದು. ಓದಲು ಬರುವವರು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಹಾಗಾಗಿ ಒಬ್ಬನು ಎದುರಿಗೆ ನಿಂತು ಒಂದೊಂದೇ ಸಾಲನ್ನು ಗಟ್ಟಿಯಾಗಿ ಕೊಡಬೇಕು, ಸಭೆ ಅದನ್ನು ಎತ್ತಿಕೊಂಡು ಹಾಡಬೇಕು. ಒಂಬತ್ತು ವರ್ಷದಿಂದ ಆ ಸಾಲು ಕೊಡುವವನು ನಾನು. ದೇವರು ನನಗೆ ಗಂಟಲನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಬೆನ್ನುಮೂಳೆಗೆ ಇಟ್ಟಿದ್ದನ್ನೂ ಅದಕ್ಕೇ ಸುರಿದುಬಿಟ್ಟ ಎಂದು ನನ್ನ ಹೆಂಡತಿ ಕೆಜಾಯಾ ಹೇಳುತ್ತಾಳೆ.

ಇನ್ನು ಮತದಾನದ ವಿಷಯ. ನಮ್ಮ ಪ್ರಾಂತವು ಒಂದು ರಾಜ್ಯವಾಗಿ ಒಕ್ಕೂಟವನ್ನು ಸೇರುವ ಮುನ್ನ, ಗುಲಾಮಗಿರಿ ಸಹಿತವಾಗಿ ಸೇರಬೇಕೋ ರಹಿತವಾಗಿ ಸೇರಬೇಕೋ ಎಂದು ಗಂಡಸರೆಲ್ಲ ಒಂದೇ ದಿನ ಹೇಳಬೇಕು ಎಂದು ವಾಷಿಂಗ್ಟನ್ನಿನ ಮಹನೀಯರು ಕಾನೂನು ಮಾಡಿದರು. ಚೀಟಿ ಬರೆದು ಡಬ್ಬಕ್ಕೆ ಹಾಕುವುದು ಹೇಡಿಗಳ ಉಪಾಯವಂತೆ. ಸ್ವತಂತ್ರ ಮನುಷ್ಯನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬೇಕಂತೆ. ಹೇಡಿಯಾದವನು ಬಾಯಿಬಿಟ್ಟೂ ಹೇಡಿಯಾಗಬಲ್ಲ ಎಂಬುದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಈ ವಿಷಯದಲ್ಲಿ ನನಗೆ ಅನುಭವವಿದೆ.

ನವೆಂಬರ್ ತಿಂಗಳ ಮೊದಲ ಸೋಮವಾರ ನಮ್ಮೂರಿನ ಮತಗಟ್ಟೆ ಇದ್ದದ್ದು ಕರ್ನಲ್ ಬಾಸ್ಕಮ್ ಹೇಡನ್ ಅವರ ಸೆಣಬಿನ ಗೋದಾಮಿನಲ್ಲಿ. ಸೆಣಬು ಬೆಳೆಸುವುದಕ್ಕೆ, ನಾರು ತೆಗೆಯುವುದಕ್ಕೆ ಕರ್ನಲ್ ಅವರ ಬಳಿ ನಲವತ್ತೊಂದು ಜನ ಗುಲಾಮರಿದ್ದಾರೆ. ಗೋದಾಮಿನ ಕಿಟಕಿಯ ಒಳಗೆ ಗುಮಾಸ್ತ, ಹೊರಗೆ ವಿಸ್ಕಿಯ ಪೀಪಾಯಿ, ಪೀಪಾಯಿಯ ಪಕ್ಕದಲ್ಲಿ ಕರ್ನಲ್. ಒಬ್ಬೊಬ್ಬರಾಗಿ ಕಿಟಕಿಗೆ ಹೋಗಬೇಕು, ಹೆಸರು ಹೇಳಬೇಕು, ಸಹಿತ ಅಥವಾ ರಹಿತ ಎನ್ನಬೇಕು. ಪ್ರತಿ ಮತವಾದ ಮೇಲೂ ಗುಮಾಸ್ತ ಅಲ್ಲಿಯವರೆಗಿನ ಎಣಿಕೆಯನ್ನು ಕೂಗುತ್ತಿದ್ದ. 'ಸಹಿತ' ಎಂದವನಿಗೆ ಜೈಕಾರ, ಒಂದು ಲೋಟ ವಿಸ್ಕಿ, ಅಂಗಿಯ ಗುಂಡಿಗೆ ಸಿಕ್ಕಿಸಿಕೊಳ್ಳಲು ಒಂದು ಎಳೆ ಸೆಣಬು. 'ರಹಿತ' ಎಂದವನನ್ನು ಯಾರೂ ಬೈಯಲಿಲ್ಲ, ಯಾರೂ ಮುಟ್ಟಲಿಲ್ಲ. ಅಷ್ಟೂ ಜನ ಸುಮ್ಮನಾಗುತ್ತಿದ್ದರು. ಅವನು ಆ ಮೌನದಲ್ಲಿ ರಸ್ತೆಯ ತನಕ ನಡೆದುಹೋಗಬೇಕಿತ್ತು.

ನಾನು ಹಿಂದಿನ ವಾರವಿಡೀ 'ರಹಿತ' ಎಂದು ಅಭ್ಯಾಸ ಮಾಡಿದ್ದೆ. ಕೊಟ್ಟಿಗೆಯಲ್ಲಿ ನನ್ನ ಹೇಸರಗತ್ತೆ ಸೊಲೊಮನ್‌ನ ಮುಂದೆ ನಿಂತು, ಒಂದು ಕೈ ಸೊಂಟಕ್ಕಿಟ್ಟುಕೊಂಡು, ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿದ್ದೆ. ಅದರ ಮುಂದೆ ನನಗೆ ಎಂಥ ಧೈರ್ಯವಿತ್ತೆಂದರೆ ಒಂದು ಸಲ ಅದೇ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಸರತಿಯಲ್ಲಿ ನಿಂತಾಗಲೂ ಧೈರ್ಯ ಇನ್ನೂ ಜೇಬಿನಲ್ಲೇ ಇತ್ತು. ನನಗಿಂತ ಮುಂಚೆ ಒಬ್ಬ ಕುಂಟ ಜರ್ಮನ್, ಪೀಪಾಯಿ ಮಾಡುವವನು, ನಮ್ಮ ಭಾಷೆ ಅವನಿಗೆ ಅರ್ಧಂಬರ್ಧ, ಕಿಟಕಿಗೆ ಹೋಗಿ 'ರಹಿತ' ಎಂದು ಹೇಳಿ, ಊರುಗೋಲು ಕುಟ್ಟಿಕೊಂಡು ಆ ಮೌನದೊಳಗೆ ನಡೆದು ಹೋದ. 'ರಹಿತ' ಎಂದವರಲ್ಲಿ ಅವನು ಮೂವತ್ತೆಂಟನೆಯವನು. ಅವನಾದ ಮೇಲೆ ಮತ್ತೆ ಹತ್ತಾರು ಜೈಕಾರಗಳಾದವು.

ಸರತಿಯಲ್ಲಿ ನನ್ನ ಮುಂದೆಯೇ ನಿಂತಿದ್ದವರು ನಮ್ಮ ಚರ್ಚಿನ ಒಬ್ಬರು. ಅವರ ಹೆಸರು ಬರೆಯುವುದಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ತಗ್ಗಿನ ದನಿಯಲ್ಲಿ ಹಾಡುವವರು ಅವರೇ. ಆ ದನಿ ಕೆಳಗೆ ಇದ್ದರೆ ಮೇಲೆ ನಾವು ಏನು ಹಾಡಿದರೂ ನಿಲ್ಲುತ್ತದೆ. ಅವರಿಗೂ 'ರಹಿತ' ಎನ್ನುವ ಮನಸ್ಸಿತ್ತು, ನನಗೆ ಗೊತ್ತು, ಎಷ್ಟೋ ಸಂಜೆ ಮಾತಾಡಿಕೊಂಡಿದ್ದೇವೆ. ಅವರು ಹಿಂದೆ ತಿರುಗಿ ಮೆಲ್ಲಗೆ ಹೇಳಿದರು:

"ನೂರಾ ನಲವತ್ತೆರಡಕ್ಕೆ ಮೂವತ್ತೆಂಟು ಕಣೋ ಜೇಬೆಜ್. ಇನ್ನು ನಾವಿಬ್ರು ಏನಂದ್ರೂ ಅಷ್ಟೇ. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ಳೋದು?"

ಆಮೇಲೆ ಕಿಟಕಿಗೆ ಹೋಗಿ 'ಸಹಿತ' ಎಂದರು. ನೂರಾ ನಲವತ್ತಮೂರು. ಎರಡೂ ಕಡೆ ಸೇರಿ ನಾನು ನೂರಾ ಎಂಬತ್ತೆರಡನೆಯವನು. ನಾಲಗೆ ತೊಡರಿತು, ಬಾಯಿ ತಪ್ಪಿ ಬಂತು ಎಂದೆಲ್ಲ ಹೇಳಿ ತಪ್ಪಿಸಿಕೊಳ್ಳಲಾರೆ. 'ಸಹಿತ' ಎಂದೆ, ಕೀರ್ತನೆಯ ಸಾಲು ಕೊಡುವ ಗಂಟಲಿನಿಂದಲೇ, ಗೋದಾಮಿನ ಹಿಂದೆ ಸೆಣಬು ಬಡಿಯುತ್ತಿದ್ದವರಿಗೂ ಕೇಳುವ ಹಾಗೆ. ಭಾನುವಾರ ನಾನು ಕೊಟ್ಟ ಸಾಲನ್ನು ಊರು ಹಾಡುತ್ತದೆ; ಆ ಸೋಮವಾರ ಊರು ಕೊಟ್ಟ ಸಾಲನ್ನು ನಾನು ಹಾಡಿದೆ. ಜೈಕಾರ ಬಿತ್ತು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅದು ಕಿವಿಗೆ ಹಿತವಾಗಿತ್ತು.

ಮನೆಗೆ ಹೋದಾಗ ಕೆಜಾಯಾ ನನ್ನ ಗುಂಡಿಯಲ್ಲಿದ್ದ ಸೆಣಬನ್ನು ನೋಡಿದಳು. ಅದನ್ನು ಕಿತ್ತುಕೊಂಡು ಸೋರುತ್ತಿದ್ದ ಬಕೀಟಿನ ಸಂದಿಗೆ ತುರುಕಿದಳು. ಒಂದು ವಾರ ನನ್ನ ತಟ್ಟೆಗೆ ಜೋಳದ ರೊಟ್ಟಿಯ ಸೀದ ತುಂಡೇ ಬಿತ್ತು. ಬಕೀಟು ಮಾತ್ರ ಈಗ ಸೋರುವುದಿಲ್ಲ. ನನ್ನ ಮತದಿಂದ ಈ ಪ್ರಾಂತದಲ್ಲಿ ಆಗಿರುವ ಉಪಕಾರ ಅದೊಂದೇ.

ಮೂರು ವಾರದ ಮೇಲೆ ತಮ್ಮ ಪ್ರಕಟಣೆ ಬಂತು. ಇಡೀ ಪ್ರಾಂತದಲ್ಲಿ ಸಹಿತ ನಾಲ್ಕು ಸಾವಿರದ ನೂರಾ ಹದಿನೆಂಟು, ರಹಿತ ನಾಲ್ಕು ಸಾವಿರದ ನೂರಾ ಹದಿನೈದು. ನಾನು ನಮ್ಮೂರಿನ ಕಿಟಕಿಯ ಎಣಿಕೆಯನ್ನು ಪ್ರಪಂಚದ ಎಣಿಕೆ ಎಂದುಕೊಂಡಿದ್ದೆ. ಹಳ್ಳದಾಚೆಗೂ ಊರುಗಳಿವೆ, ಅಲ್ಲಿಯೂ ಜನ ಬಾಯಿಬಿಟ್ಟು ಹೇಳುತ್ತಿದ್ದಾರೆ, ಅಲ್ಲಿ ಕೆಲವರು ಹೇಳಬೇಕಾದ್ದನ್ನೇ ಹೇಳುತ್ತಿದ್ದಾರೆ ಎಂಬುದು ನನ್ನ ತಲೆಗೆ ಬರಲಿಲ್ಲ. ಮೂರು ಮತದ ಅಂತರ, ಮಾನ್ಯರೇ. ಇಬ್ಬರು ನಿಜ ಹೇಳಿದ್ದರೆ ಅದು ಒಂದರ ಅಂತರದಲ್ಲಿ ರಹಿತದ ಕಡೆಗೆ ಬೀಳುತ್ತಿತ್ತು. ಆ ಇಬ್ಬರೂ ಒಂದೇ ಸರತಿಯಲ್ಲಿ ಹಿಂದೆಮುಂದೆ ನಿಂತಿದ್ದರು.

ಅದೇ ಪ್ರಕಟಣೆಯ ಕೊನೆಯಲ್ಲಿ ಒಂದು ಕಲಮು ಇತ್ತು. ತಾವು ಫೆಬ್ರವರಿ ಹದಿನೈದಕ್ಕೆ ಈ ಫಲಿತಾಂಶದ ಪ್ರಮಾಣಪತ್ರಕ್ಕೆ ಸಹಿ ಹಾಕುವ ದಿನದಿಂದ ಹತ್ತು ದಿನಗಳೊಳಗೆ, ಇಲ್ಲಿರುವ ಪ್ರತಿಯೊಬ್ಬ ಸ್ವತಂತ್ರ ಕಪ್ಪು ಮನುಷ್ಯನೂ ಗಡಿ ದಾಟಿ ಹೋಗಬೇಕು. ಇಲ್ಲವೇ ನ್ಯಾಯಾಲಯಕ್ಕೆ ಬಂದು 'ಸ್ವಂತ ಇಚ್ಛೆಯಿಂದ' ತನಗೊಬ್ಬ ಧಣಿಯನ್ನು ಆರಿಸಿಕೊಳ್ಳಬೇಕು. ಸ್ವಂತ ಇಚ್ಛೆಯಿಂದ! ಈ ಎರಡು ಪದ ಬರೆದ ಗುಮಾಸ್ತನಿಗೆ ಸಂಬಳ ಹೆಚ್ಚಿಸಿದ್ದೀರಾ? ಗಡಿಯಾಚೆಯ ಪುಣ್ಯವಂತ ರಾಜ್ಯಗಳೂ ಕಪ್ಪು ಜನ ಒಳಗೆ ಬಾರದಂತೆ ಕಾನೂನು ಮಾಡಿ ಅಗುಳಿ ಹಾಕಿಕೊಂಡಿವೆ ಎಂಬುದು ತಮ್ಮ ಕಚೇರಿಗೆ ತಿಳಿಯದ್ದೇನಲ್ಲ. ರಹಿತ ಗೆದ್ದಿದ್ದರೆ ಈ ಕಲಮು ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಬೇರೊಂದು ಇರುತ್ತಿತ್ತು: ಪ್ರಮಾಣಪತ್ರದ ದಿನದಿಂದ ಈ ನೆಲದಲ್ಲಿ ಹುಟ್ಟುವ ಪ್ರತಿ ಮಗುವೂ, ತಾಯಿ ಯಾರೇ ಆಗಿರಲಿ, ಸ್ವತಂತ್ರ. ನಾನು ಕಿಟಕಿಯಲ್ಲಿ ಜೈಕಾರ ಹೊಡೆಸಿಕೊಂಡದ್ದು ಈ ಎರಡರ ನಡುವೆ ನಿಂತು.

ಈಗ ಡಾರ್ಕಸ್ ಚಿಕ್ಕಮ್ಮನ ವಿಷಯ. ಅವರು ನಮ್ಮೂರಿನ ಸೂಲಗಿತ್ತಿ. ಕೆಂಟಕಿಯಲ್ಲಿ ಅವರ ಹಳೆಯ ಯಜಮಾನಿ ಸಾಯುವಾಗ ಉಯಿಲಿನಲ್ಲಿ ಅವರಿಗೆ ಬಿಡುಗಡೆ ಬರೆದಳು. ಮಗಳು ಜೂಡಿತ್‌ಳ ಹೆಸರು ಬರೆಯಲು ಮರೆತಳೋ, ಮನಸ್ಸಾಗಲಿಲ್ಲವೋ. ಮಗಳನ್ನು ಕರ್ನಲ್ ಹೇಡನ್ ಕೊಂಡು ಇಲ್ಲಿಗೆ ಕರೆತಂದರು. ತಾಯಿ ತನ್ನ ಬಿಡುಗಡೆಯ ಕಾಗದವನ್ನು ಎದೆಯಲ್ಲಿಟ್ಟುಕೊಂಡು ಆ ಗಾಡಿಯ ಹಿಂದೆ ನಡೆದೇ ಬಂದರು. ಹನ್ನೊಂದು ವರ್ಷದಲ್ಲಿ ಈ ಊರಿನ ಅರ್ಧದಷ್ಟು ಮಕ್ಕಳನ್ನು ಮೊದಲು ಹಿಡಿದದ್ದು ಅವರ ಕೈ. ನನ್ನ ಎರಡೂ ಹೆಣ್ಣುಮಕ್ಕಳು ಅದರಲ್ಲಿ ಸೇರಿದ್ದಾರೆ. ಸರತಿಯಲ್ಲಿ ನನ್ನ ಮುಂದೆ ನಿಂತಿದ್ದವರ ಮೂರನೆಯ ಮಗು ಮತದಾನಕ್ಕೆ ಹನ್ನೊಂದು ದಿನ ಮೊದಲು ಹುಟ್ಟಿತು. ಕಾಲು ಮುಂದಾಗಿ ಬರುತ್ತಿತ್ತು, ಚಿಕ್ಕಮ್ಮ ತಿರುಗಿಸಿ ತಾಯಿಮಗು ಇಬ್ಬರನ್ನೂ ಉಳಿಸಿದರು. ಊರೆಲ್ಲ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತೇವೆ. ಆ ನೆಂಟಸ್ತನದಲ್ಲಿ ಒಂದು ದಿನವೂ ಯಾರೂ ಅವರಿಗೆ ಕುರ್ಚಿ ಹಾಕಿದ್ದಿಲ್ಲ. ನಾನೂ ಹಾಕಿಲ್ಲ. ಜೂಡಿತ್ ಈಗ ಬಸುರಿ. ಫೆಬ್ರವರಿ ಕೊನೆಗೆ ದಿನ ತುಂಬುತ್ತದೆ.

ಪ್ರಕಟಣೆ ಬಂದ ನಾಲ್ಕನೆಯ ದಿನ ನಾನು ಒಂದು ಗಾಡಿಯ ಕೆಳಗೆ ಮಲಗಿ ಅಚ್ಚಿಗೆ ಎಣ್ಣೆ ಬಿಡುತ್ತಿದ್ದೆ. ಎರಡು ಹಳೇ ಬೂಟುಗಳು ಬಂದು ನಿಂತವು. ಹನ್ನೊಂದು ವರ್ಷ ನನ್ನನ್ನು 'ಟಟಲ್ ಸಾಹೇಬ್ರೇ' ಎಂದೇ ಕರೆಯುತ್ತಿದ್ದ ಚಿಕ್ಕಮ್ಮ ಆ ದಿನ 'ಧಣೀ' ಎಂದರು. ನಾನು ತಲೆಯೆತ್ತಲು ಹೋಗಿ ಅಚ್ಚಿಗೆ ಹಣೆ ಬಡಿದುಕೊಂಡೆ.

"ಇಷ್ಟಪಟ್ಟು ಆರಿಸ್ಕೊ ಅಂತ ಕಾಗದ ಅಂಟಿಸವ್ರೆ. ಆರಿಸ್ಕೊಂಡೆ. ನೀವೇ" ಎಂದರು.

ನಾನೇ ಯಾಕೆ ಎಂದು ಕೇಳಿದೆ. ನನ್ನ ಒಳ್ಳೆಯ ಗುಣ ಯಾವುದಾದರೂ ಒಂದು ಹೊರಗೆ ಬರಬಹುದು ಎಂಬ ಆಸೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

"ಹೇಡನ್ ಸಾಹೇಬ್ರು ಕೈ ಚುರುಕು. ಹೋದ ವರ್ಷ ಒಂದೇ ಬೆಳಗ್ಗೆ ಇಬ್ರು ಹುಡುಗೀರ್ನ ಮಾರಿದ್ರು. ಪಾದ್ರಿಗಳಿಗೆ ನ್ಯೂ ಆರ್ಲಿಯನ್ಸಿನ ಗುಲಾಮರ ಸಂತೇಲಿ ಅಳಿಯ ಅವ್ನೆ. ನೀವು ಹೇಳಿದ್ ದಿನಕ್ಕೆ ಒಂದು ಚಕ್ರ ಕೊಟ್ಟಿದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ. ನನ್ನ ಮಾರ್ಬೇಕು ಅಂತ ಮನಸ್ಸಾದ್ರೂ ನಾಳೆ ನಾಡಿದ್ದು ಅಂತ ಹತ್ತು ವರ್ಷ ತಳ್ತೀರಿ. ಅಷ್ಟೊತ್ತಿಗೆ ನನ್ ಕಾಲ ಆಗೋಗಿರ್ತದೆ."

ಇಷ್ಟು ಹೇಳಿ, ಮಗಳ ಹೆರಿಗೆಯ ದಿನ ತಾನು ಇಲ್ಲೇ ಇರಬೇಕು, ಅದಕ್ಕೆ ಏನು ಬೇಕಾದರೂ ಆಗುತ್ತೇನೆ ಎಂದರು. ಊರಿನ ಮಕ್ಕಳನ್ನೆಲ್ಲ ಹಿಡಿದ ಕೈಗೆ ತನ್ನ ಮೊಮ್ಮಗುವನ್ನು ಹಿಡಿಯಲು ಒಬ್ಬ ಧಣಿ ಬೇಕಾಗಿತ್ತು. ಸಿಕ್ಕಿದವನು ನಾನು.

ಮಾನ್ಯರೇ, ಹೇಳಬಾರದು, ಆದರೂ ಹೇಳಿಬಿಡುತ್ತೇನೆ. ಅರ್ಧ ಗಂಟೆ ನನಗೆ ಹೆಮ್ಮೆಯಾಯಿತು. ಊರಿನಲ್ಲಿ ಇಷ್ಟು ಜನರಿದ್ದರೂ ನನ್ನನ್ನೇ ಆರಿಸಿದರಲ್ಲ ಎಂದು ಎದೆ ಉಬ್ಬಿಸಿಕೊಂಡು ಒಳಗೆ ಹೋಗಿ ಕೆಜಾಯಾಳಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನೀವು ಸತ್ತ ದಿನ ಅವ್ರು ಯಾರ ಪಾಲು? ನಮ್ ಹುಡುಗೀರ ಆಸ್ತಿ ನೋಡ್ಕೊಳ್ಳೋನು ನಿಮ್ಮಣ್ಣ. ಅವನು ಯಾವ ಕೆಲಸಾನೂ ನಾಳೆಗೆ ಬಿಡೋನಲ್ಲ" ಎಂದಳು.

ನನ್ನ ಅಣ್ಣ ಟೆನೆಸಿಯಲ್ಲಿ ಕುದುರೆ ವ್ಯಾಪಾರ ಮಾಡುತ್ತಾನೆ. ಕುದುರೆ ಸಿಗದಿದ್ದಾಗ ಮನುಷ್ಯರದನ್ನೂ ಮಾಡುತ್ತಾನೆ. ನನ್ನ ಹೆಮ್ಮೆ ಅಲ್ಲಿಗೇ ಮುಗಿಯಿತು.

ಆಗ ನನಗೊಂದು ಉಪಾಯ ಹೊಳೆಯಿತು. ತಮ್ಮ ಕಲಮನ್ನು ನಾಲ್ಕು ಸಲ ಓದಿದೆ. ಧಣಿಯಾಗಲು 'ಸ್ವಂತ ಬುದ್ಧಿಯುಳ್ಳ, ತನ್ನ ಅಧೀನದಲ್ಲಿರುವುದನ್ನು ಆಳಬಲ್ಲ ವ್ಯಕ್ತಿ'ಯಾಗಿರಬೇಕು ಎಂದಿದೆ. ನನ್ನ ಅಧೀನದಲ್ಲಿರುವುದು ಸೊಲೊಮನ್ ಒಂದೇ. ಅದು ಹೋಗುವ ಕಡೆಗೆ ನಾನು ಹೋಗುತ್ತೇನೆ, ಊರೇ ಸಾಕ್ಷಿ. ಸ್ವಂತ ಬುದ್ಧಿಯ ಕಥೆಯನ್ನು ಗೋದಾಮಿನ ಕಿಟಕಿ ಹೇಳುತ್ತದೆ. ಆದ್ದರಿಂದ ನಾನೇ ನ್ಯಾಯಾಲಯಕ್ಕೆ ಹೋಗಿ, 'ಸ್ವಾಮಿ, ಪಕ್ಕದವನು ಹೇಳಿದ್ದನ್ನು ಹೇಳುವ ನನಗೆ ಒಬ್ಬ ಧಣಿಯ ತುರ್ತು ಅಗತ್ಯವಿದೆ, ಡಾರ್ಕಸ್ ಚಿಕ್ಕಮ್ಮನನ್ನು ಆರಿಸಿಕೊಳ್ಳುತ್ತೇನೆ, ಅವರನ್ನು ಗಡಿಯಾಚೆಗೆ ಕಳಿಸಿದರೆ ನನ್ನನ್ನೂ ಸಾಮಾನಿನ ಜೊತೆ ಕಳಿಸಿ' ಎಂದು ಅರ್ಜಿ ಕೊಡುವುದು. ನ್ಯಾಯಾಧೀಶರು ನಗುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಕಲಮಿನ ಮಾನ ಬೀದಿಗೆ ಬರುತ್ತದೆ. ಇಡೀ ದಿನ ನನ್ನಷ್ಟಕ್ಕೆ ನಾನೇ ನಕ್ಕೆ. ಸಂಜೆಗೆ ಮುಂಚೆ ಚಿಕ್ಕಮ್ಮನ ಗುಡಿಸಲಿಗೆ ಹೋಗಿ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ, ನ್ಯಾಯಾಧೀಶರ ದನಿಯನ್ನೂ ಸೇರಿಸಿ.

ಅವರು ನಗಲಿಲ್ಲ. ಬಟ್ಟೆ ಹಿಂಡುತ್ತಿದ್ದವರು ಕೈ ಒರೆಸಿಕೊಂಡು ನನ್ನನ್ನು ನೋಡಿದರು.

"ಸಾಹೇಬ್ರೇ, ನಿಮ್ಮನ್ನ ನೀವೇ ಬೈಕೊಳ್ತೀರಿ, ಚೆನ್ನಾಗಿ ಬೈಕೊಳ್ತೀರಿ. ಎಲ್ರೂ ನಗ್ತಾರೆ. ನಕ್ಕಾದ್ಮೇಲೆ ನಿಮ್ಮನ್ನ ಯಾರೂ ಏನೂ ಕೇಳಲ್ಲ. ನೀವು ಮನೆಗೆ ಹೋಗ್ತೀರಿ. ನಾನು ಕೋರ್ಟಿಗೆ ಹೋಗ್ತೀನಿ. ಆ ಕಿಟಕೀಲಿ ನೀವಂದಿದ್ದು ನಂಗೆ ಕೇಳಿಸ್ತು. ಸೆಣಬು ಬಡೀತಿದ್ದ ನನ್ ಮಗಳಿಗೂ ಕೇಳಿಸ್ತು. ನಂಗೆ ನಿಮ್ ತಮಾಷೆ ಬೇಡ. ಅವತ್ತು ಹೇಳ್ದೆ ಉಳಿಸ್ಕೊಂಡಿದೀರಲ್ಲ, ಆ ಮಾತು ಬೇಕು."

ನಾನು ಎದ್ದು ಬಂದೆ. ದಾರಿಯಲ್ಲಿ ಅತ್ತೆ. ಇದನ್ನು ನಗೆಚಾಟಿಕೆಯಾಗಿ ಬರೆಯುವ ವಿಧಾನ ಎಷ್ಟು ಹುಡುಕಿದರೂ ಸಿಗಲಿಲ್ಲ, ಕ್ಷಮಿಸಬೇಕು.

ಮರುದಿನದಿಂದ ಅರ್ಜಿಗಳು ಶುರುವಾದವು. ಮೊದಲನೆಯದನ್ನು ತಮ್ಮ ಕಚೇರಿ, ಒಮ್ಮೆ ಆಡಿದ ಮತವು ಪ್ರಾಂತದ ಸ್ವತ್ತು ಎಂದು ಬರೆದು ಹಿಂತಿರುಗಿಸಿತು. ಎರಡನೆಯದಕ್ಕೆ, ನಾನು ಮತ ಹೇಳಿದ್ದನ್ನು ಕಿವಿಯಾರೆ ಕೇಳಿದ ಇಬ್ಬರು ಸಾಕ್ಷಿಗಳು ಬೇಕೆಂದರು. ಅರ್ಧ ಊರಿಗೆ ಕೇಳಿಸುವಂತೆ ಕೂಗಿದ್ದೆ; ಈಗ ವಿಚಾರಿಸಿದರೆ ಆ ದಿನ ಊರಿಗೆ ಊರೇ ಕಿವುಡಾಗಿತ್ತಂತೆ. ಕೊನೆಗೆ ಆ ಕುಂಟ ಜರ್ಮನ್, ನನ್ನ ಕೂಗು ರಸ್ತೆಗೂ ಕೇಳಿಸಿತ್ತು ಎಂದು, ಬಂದು ಸಹಿ ಹಾಕಿದ, ಗೋದಾಮಿನ ಹಿಂದಿದ್ದ ಗುಲಾಮರ ಸಹಿಗೆ ಬೆಲೆಯಿಲ್ಲವೆಂದದ್ದರಿಂದ ಎರಡನೆಯ ಸಹಿಯನ್ನು ಸ್ವತಃ ಗುಮಾಸ್ತನ ಕೈಯಲ್ಲಿ ಹಾಕಿಸಿದೆ, ಅವನ ಗಾಡಿಯ ಚಕ್ರ ನನ್ನ ಬಳಿ ಇತ್ತು. ಮೂರನೆಯ ಅರ್ಜಿಗೆ ತಮ್ಮ ಕಾರ್ಯದರ್ಶಿಗಳು ಬರೆದ ಉತ್ತರ ನನ್ನ ಎದುರಿಗಿದೆ: 'ಒಬ್ಬನ ಮತ ಬದಲಾದರೆ ಫಲಿತಾಂಶ ಬದಲಾಗುವುದಿಲ್ಲವಾದ್ದರಿಂದ ಅರ್ಜಿಯು ಪರಿಶೀಲನೆಗೆ ಅರ್ಹವಲ್ಲ. ಫಲಿತಾಂಶ ಬದಲಿಸುವಷ್ಟು ಸಂಖ್ಯೆಯ ಮತದಾರರು ಒಂದೇ ಅರ್ಜಿಯಲ್ಲಿ ಸಹಿ ಹಾಕಿ, ಫೆಬ್ರವರಿ ಹದಿನೈದರೊಳಗೆ ಸಲ್ಲಿಸಿದಲ್ಲಿ ಮಾತ್ರ ಮರುವಿಚಾರಣೆ.'

ಓದಿ ನನಗೆ ಆಶ್ಚರ್ಯವೇ ಆಯಿತು. ಒಬ್ಬನಿಂದ ಏನೂ ಆಗುವುದಿಲ್ಲ ಎಂಬುದು ಸರತಿಯಲ್ಲಿ ನಿಂತು ನಾನು ನನಗೇ ಹೇಳಿಕೊಂಡ ಮಾತು. ಹೇಡಿಯೊಬ್ಬನ ಪಿಸುಮಾತು ಇಷ್ಟು ಬೇಗ ಸರ್ಕಾರದ ಆದೇಶವಾಗಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮತ್ತೆ, ಮೂರು ಮತಗಳ ಆ 'ಸ್ಪಷ್ಟ ಧ್ವನಿ'ಯಲ್ಲಿ ನನ್ನಂಥ ಗಂಟಲುಗಳು ಇನ್ನೆಷ್ಟಿವೆಯೋ, ತಾವು ಯಾವತ್ತಾದರೂ ವಿಚಾರಿಸಿದ್ದೀರಾ?

ಕೆಲವರು ನನ್ನನ್ನು ಹೆದರಿಸುತ್ತಾರೆ. ಪೂರ್ವ ರಾಜ್ಯಗಳ ಒಂದು ಪತ್ರಿಕೆಯ ಪ್ರಕಾರ ಒಸೇಜ್ ಯಾವ ಕಡೆ ಸೇರುತ್ತದೋ ಅದರ ಮೇಲೆ ಒಕ್ಕೂಟ ಉಳಿಯುವುದೋ ಒಡೆಯುವುದೋ ನಿಂತಿದೆಯಂತೆ. ನಾನು ಮಾತು ಬದಲಿಸಿದರೆ ದಕ್ಷಿಣದವರು ಬಂದೂಕು ಎತ್ತುತ್ತಾರಂತೆ. ಬದಲಿಸದಿದ್ದರೆ ಉತ್ತರದವರು ಎತ್ತುತ್ತಾರೆ ಎಂದು ಅದೇ ಪತ್ರಿಕೆ ಮುಂದಿನ ಪುಟದಲ್ಲಿ ಬರೆದಿದೆ. ಯುದ್ಧದ ವಿಷಯ ನನಗೆ ತಿಳಿಯದು, ಹೇಳಿದ ದಿನಕ್ಕೆ ಚಕ್ರ ಕೊಡಲಾರದವನನ್ನು ಯಾವ ಸೈನ್ಯವೂ ಕರೆಯಲಾರದು. ಆದರೆ ದೇಶ ಒಡೆಯುವುದೇ ಆದರೆ ಅದು ನನ್ನ ಸುಳ್ಳಿನ ಮೇಲೆ ನಿಂತು ಒಡೆಯುವುದು ಬೇಡ. ಯಾವ ಸೈನ್ಯ ಎತ್ತ ಹೋದರೂ, ಫೆಬ್ರವರಿ ಕೊನೆಗೆ ಕರ್ನಲ್ ಅವರ ಹಿತ್ತಲ ಗುಡಿಸಲಲ್ಲಿ ಒಂದು ಮಗು ಹುಟ್ಟುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಳ್ಳಿ. ನನ್ನ ಹೆಸರಿನ ಮುಂದೆ ಇರುವುದನ್ನು ಹೊಡೆದುಹಾಕಿ 'ರಹಿತ' ಎಂದು ಬರೆಯಿರಿ. ಕೆಳಗೆ ಎರಡನೆಯ ಸಹಿ ಬೀಳುವ ದಿನ ಮತಪುಸ್ತಕವನ್ನು ಊರೆದುರು ತೆರೆಯಿರಿ. ಅಲ್ಲಿಯವರೆಗೆ ತಮ್ಮ ಲೇಖನಿಯನ್ನು ಪ್ರಮಾಣಪತ್ರದಿಂದ ದೂರವಿಡಿ.

ಆ ಎರಡನೆಯವರಿಗೂ ಇಲ್ಲೇ ಒಂದು ಮಾತು, ಗವರ್ನರರು ಒಪ್ಪಿಗೆ ಕೊಟ್ಟರೆ. ನವೆಂಬರಿನಿಂದ ಸಭೆಯಲ್ಲಿ ನಿಮ್ಮ ತಗ್ಗಿನ ದನಿ ಕೇಳುತ್ತಿಲ್ಲ. ಬಾಯಿ ಆಡುತ್ತದೆ, ದನಿ ಬರುವುದಿಲ್ಲ. ನಾನು ಎದುರಿಗೆ ನಿಲ್ಲುವವನು, ನನಗೆ ಕಾಣುತ್ತದೆ. ನಿಮ್ಮ ಹೆಸರನ್ನು ನಾನು ಎಲ್ಲೂ ಹೇಳುವುದಿಲ್ಲ, ಅದನ್ನು ನೀವೇ ಹೇಳಬೇಕು. ಈ ಸಲ ಎಣಿಕೆಯಲ್ಲಿ ಗೊಂದಲವಿಲ್ಲ. ನಾನೊಬ್ಬ ಆಯಿತು. ಇನ್ನು ಬೇಕಾಗಿರುವುದು ಒಬ್ಬರು.

ಸಾಲು ಕೊಟ್ಟವನು ಮುಂದಿನ ದನಿ ಏಳುವವರೆಗೆ ಕೂರುವಂತಿಲ್ಲ, ಅದು ನಮ್ಮ ಚರ್ಚಿನ ಪದ್ಧತಿ. ಸಾಲು ಕೊಟ್ಟಿದ್ದೇನೆ: ರಹಿತ. ನಿಂತಿದ್ದೇನೆ.

ಇಂತಿ,
ಗೋದಾಮಿನ ಕಿಟಕಿಯ ನೂರಾ ಎಂಬತ್ತೆರಡನೆಯ ಮತದಾರ,
ಹೇಸರಗತ್ತೆಯ ಮುಂದೆ ಮಾತ್ರ ಧೈರ್ಯವಂತ,
ಯಾರಿಗೂ ಧಣಿಯಾಗಲೊಲ್ಲದ ಚಕ್ರದ ಬಡಗಿ,
ಜೇಬೆಜ್ ಟಟಲ್

ಮತ್ತು

................................